ಹದಿನಾಲ್ಕು ಹಳೆಯ ಕಂಪ್ಯೂಟರ್, ಮೂವತ್ತಾರು ಮಕ್ಕಳು: ಹನ್ನೆರಡು ವಾರಗಳ ಕೆಲಸದ ಟಿಪ್ಪಣಿ

ಶಾಲೆಗೊಂದು ಕಂಪ್ಯೂಟರ್ ಲ್ಯಾಬ್ ಕಟ್ಟುವ ಕೆಲಸ ಮುಗಿದಿದೆ ಎಂದು ಹೇಳುವ ಹಾಗಿಲ್ಲ. ಆದರೆ ಒಂಬತ್ತು ಕಂಪ್ಯೂಟರ್‌ಗಳು ಈಗ ದಿನವೂ ತಕರಾರಿಲ್ಲದೆ ಶುರುವಾಗುತ್ತಿವೆ, ಒಂಬತ್ತನೇ ತರಗತಿಯ ಮೂವತ್ತಾರು ಮಕ್ಕಳು ಸರದಿಯಂತೆ ಅವುಗಳ ಮುಂದೆ ಕೂರುತ್ತಿದ್ದಾರೆ. ನಾನು ಮಾಡಿದ ತಪ್ಪುಗಳ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಕಸುಬು ಕಂಪ್ಯೂಟರ್ ರಿಪೇರಿ. ಪಾಠ ಹೇಳಿ ಅಭ್ಯಾಸವಿಲ್ಲ. ಮೊದಲ ಮೂರು ವಾರಗಳ ಬರಹಕ್ಕೂ ಆಮೇಲಿನದಕ್ಕೂ ಇರುವ ವ್ಯತ್ಯಾಸದಲ್ಲೇ ಅದು ನಿಮಗೆ ಗೊತ್ತಾಗುತ್ತದೆ.

ಮಕ್ಕಳಲ್ಲಿ ಹೆಚ್ಚಿನವರು ದಿನಗೂಲಿಯ ಮೇಲೆ ನಡೆಯುವ ಮನೆಗಳಿಂದ ಬಂದವರು. ಮನೆಗೊಂದು ಮೊಬೈಲ್ ಇದೆ, ಹಗಲು ಹೊತ್ತು ಅದು ದುಡಿಯಲು ಹೋದವರ ಜೇಬಿನಲ್ಲಿರುತ್ತದೆ. ಶಾಲೆಯಲ್ಲಿ ಒಂದು ಖಾಲಿ ಕೋಣೆ ಇತ್ತು. ನನಗೆ ಪರಿಚಯದ ಕಚೇರಿಯೊಂದರಲ್ಲಿ ಹದಿನಾಲ್ಕು ಡೆಸ್ಕ್‌ಟಾಪ್‌ಗಳು ಗೋಡೆಗೆ ಒರಗಿ ಬಿದ್ದಿದ್ದವು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೇ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್ ಇರಬೇಕು. ಇವು ಎರಡು, ಮೂರನೇ ಪೀಳಿಗೆಯವು, ಕೆಲವು ಇನ್ನೂ ಹಿಂದಿನ ಕೋರ್ 2 ಡ್ಯುಯೊ. ಕಚೇರಿಗೆ ಗುಜರಿ, ನಮಗೆ ಲ್ಯಾಬ್.

ವಾರ 1: ಸತ್ತದ್ದು, ಬದುಕಿದ್ದು

ಸಲಕರಣೆ: ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಬಣ್ಣ ಬಳಿಯುವ ಒಂದೂವರೆ ಇಂಚಿನ ಬ್ರಷ್, ಪೆನ್ಸಿಲ್ ಅಳಿಸುವ ರಬ್ಬರ್, ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ), ಕಾಗದಕ್ಕೆ ಹಾಕುವ ಕ್ಲಿಪ್ ಒಂದು.

ಹದಿನಾಲ್ಕರಲ್ಲಿ ನಾಲ್ಕು ಸುಮ್ಮನೆ ಶುರುವಾದವು. ಐದರಲ್ಲಿ ಫ್ಯಾನ್ ತಿರುಗಿದರೂ ಪರದೆ ಕಪ್ಪು. ಮೂರು ಉಸಿರೇ ಬಿಡಲಿಲ್ಲ. ಎರಡು ಶುರುವಾಗಿ, ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತ ಅಲ್ಲೇ ನಿಂತವು.

ಪರದೆ ಕಪ್ಪಾದ ಐದರಲ್ಲಿ ಮೂರಕ್ಕೆ ಔಷಧ ರಬ್ಬರ್. ರ‍್ಯಾಮ್ ಪಟ್ಟಿಯನ್ನು (ಯಂತ್ರದ ತಾತ್ಕಾಲಿಕ ನೆನಪಿನ ಚಿಪ್‌ಗಳಿರುವುದು) ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ತಿಕ್ಕಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ, ಎರಡೂ ಕಡೆ ಕೊಂಡಿ ಕಟಕ್ ಎನ್ನುವವರೆಗೆ ಒತ್ತಿದರೆ ಮುಗಿಯಿತು. ಉಳಿದ ಎರಡರ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿ ಕಂದು ರಸ ಒಸರಿತ್ತು. ಬಿಚ್ಚಿ ಬೆಸುಗೆ ಹಾಕಬಹುದಿತ್ತು, ಹಾಕಲಿಲ್ಲ. ಅವೆರಡು ಬಿಡಿಭಾಗಗಳ ಗಣಿಯಾದವು.

ಉಸಿರಿಲ್ಲದ ಮೂರರ ಪೈಕಿ ಒಂದಕ್ಕೆ ಮುಂದಿನ ಸ್ವಿಚ್ಚಿನ ತಂತಿ ಕಳಚಿತ್ತು, ಅಷ್ಟೇ. ಇನ್ನೆರಡರ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಒದಗಿಸುವ ಪೆಟ್ಟಿಗೆ) ಹೊರತೆಗೆದು, ಅದನ್ನಷ್ಟೇ ಶುರುಮಾಡಿ ನೋಡಲು 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಕ್ಲಿಪ್‌ನಿಂದ ಜೋಡಿಸಿದೆ. ಒಂದರ ಫ್ಯಾನ್ ತಿರುಗಲಿಲ್ಲ. ಇನ್ನೊಂದು ತಿರುಗಿತು, ಅದನ್ನು ನಂಬಿ ಅರ್ಧ ದಿನ ಹಾಳು ಮಾಡಿಕೊಂಡೆ. ಕೊನೆಗೆ ಅಳೆದಾಗ 12 ವೋಲ್ಟ್ ಬರಬೇಕಾದಲ್ಲಿ 10.6 ಬರುತ್ತಿತ್ತು. ಐದು ಶೇಕಡಾ ಆಚೀಚೆ ಇರಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಫ್ಯಾನ್ ತಿರುಗಿತೆಂದರೆ ಎಸ್‌ಎಂಪಿಎಸ್ ಸರಿ ಇದೆ ಎಂದಲ್ಲ. ಇದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದ ಸಂಗತಿ, ಆದರೂ ಅವಸರ. ಗಣಿಯಿಂದ ತೆಗೆದ ಎಸ್‌ಎಂಪಿಎಸ್ ಹಾಕಿದಾಗ ಒಂದು ಎದ್ದಿತು, ಇನ್ನೊಂದರ ಬೋರ್ಡೇ ಹೋಗಿತ್ತು.

ಹಾರ್ಡ್‌ಡಿಸ್ಕ್ ಕೆಟ್ಟ ಎರಡಕ್ಕೆ ಹೊಸ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್. ಅದರ ವೇಗ ನೋಡಿ ಆಸೆಯಾಗಿ ಉಳಿದವಕ್ಕೂ 120 ಜಿಬಿಯ ಎಸ್‌ಎಸ್‌ಡಿಗಳನ್ನೇ ಹಾಕಿದೆ. ಒಟ್ಟು ಖರ್ಚಿನಲ್ಲಿ ಅರ್ಧ ಇದಕ್ಕೇ ಹೋಯಿತು, ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ನಲವತ್ತೈದು ನಿಮಿಷದ ಪೀರಿಯಡ್‌ನಲ್ಲಿ ಯಂತ್ರ ಏಳುವುದಕ್ಕೇ ನಾಲ್ಕು ನಿಮಿಷ ತಿಂದರೆ ಮಕ್ಕಳ ಗಮನ ಕಿಟಕಿಯ ಹೊರಗಿರುತ್ತದೆ.

ಹನ್ನೊಂದು ಬದುಕಿದವು ಎಂದು ಬೀಗುವ ಹೊತ್ತಿಗೆ ಒಂದನ್ನು ನಾನೇ ಕೊಂದೆ. ಒಣಗಿದ ಥರ್ಮಲ್ ಪೇಸ್ಟ್ ಒರೆಸಲು ಪ್ರೊಸೆಸರ್ ಎತ್ತಿದೆ, ಬೆರಳಿಗೆ ಪೇಸ್ಟ್ ಅಂಟಿತ್ತು, ಜಾರಿ ಮೂಲೆ ಮುಂದಾಗಿ ಸಾಕೆಟ್‌ನೊಳಗೆ ಬಿತ್ತು. ಆ ಬಗೆಯ ಸಾಕೆಟ್‌ನಲ್ಲಿ ಕೂದಲೆಳೆಯಂಥ ನೂರಾರು ಪಿನ್ನುಗಳು ಬೋರ್ಡ್‌ನ ಕಡೆಗೇ ಇರುತ್ತವೆ. ಏಳೆಂಟು ಮಲಗಿಬಿಟ್ಟವು. ಭೂತಗನ್ನಡಿ, ಸೂಜಿ, ಎರಡು ಗಂಟೆ. ಏಳಲಿಲ್ಲ. ಉಳಿದದ್ದು ಹತ್ತು.

ಇನ್ನೊಂದು ತಪ್ಪನ್ನು ಇಲ್ಲೇ ಬರೆದಿಡಬೇಕು, ಫಲ ಉಂಡದ್ದು ಐದನೇ ವಾರವಾದರೂ. ಹತ್ತರಲ್ಲಿ ಏಳು ಯಂತ್ರಗಳ ಗಡಿಯಾರದ ಬ್ಯಾಟರಿ ಸತ್ತಿತ್ತು. ಬಟನ್ನಿನಂಥ ಸಿಆರ್2032, ಹೊಸದಿದ್ದಾಗ 3 ವೋಲ್ಟ್, ಇವು 2.2ರ ಆಸುಪಾಸು. ಶುರುವಾಗುವಾಗ ಎಫ್1 ಒತ್ತಿದರಾಯಿತು, ಆಮೇಲೆ ನೋಡೋಣ ಎಂದು ಬಿಟ್ಟೆ. ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಅದು.

ವಾರ 2: ಕರೆಂಟು, ಮೇಜು, ತಂತಿ

ಒಂದು ಡಬ್ಬ ಮತ್ತು ಅದರ ಎಲ್‌ಸಿಡಿ ಪರದೆ ಸೇರಿ 75ರಿಂದ 90 ವ್ಯಾಟ್ ಎಳೆಯುತ್ತಿತ್ತು. ಹತ್ತಕ್ಕೆ ಒಂಬೈನೂರರ ಹತ್ತಿರ. ಮೊದಲ ದಿನ ಆರು ಯಂತ್ರಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ, ಅದನ್ನು ಇನ್ನೊಂದು ಬೋರ್ಡ್‌ಗೆ ಸಿಕ್ಕಿಸಿದ್ದೆ. ಸಂಜೆ ಪ್ಲಗ್ ಕೀಳಲು ಹೋದರೆ ಬಿಸಿ. ಒಳಗಿನ ಒಂದು ಕಾಲು ಕಂದುಬಣ್ಣಕ್ಕೆ ತಿರುಗಿತ್ತು. ಲೆಕ್ಕದ ಪ್ರಕಾರ ಬೋರ್ಡ್ ತಡೆಯಬೇಕಿತ್ತು. ಸಡಿಲವಾದ ಕಾಲಿಗೆ ಲೆಕ್ಕ ಗೊತ್ತಿಲ್ಲ.

ಅದಕ್ಕಿಂತ ದೊಡ್ಡದನ್ನು ತೋರಿಸಿಕೊಟ್ಟವಳು ಒಬ್ಬ ಹುಡುಗಿ. ಬರಿಗಾಲಿನಲ್ಲಿ ಬಂದು ಇಣುಕುತ್ತಿದ್ದವಳು ಡಬ್ಬದ ತಗಡನ್ನು ಮುಟ್ಟಿ ಕೈ ಹಿಂದೆಳೆದುಕೊಂಡಳು. “ಮೇಡಂ, ಇದು ಜುಮ್ಮೆನ್ನುತ್ತದೆ.” ನನ್ನ ಕಾಲಲ್ಲಿ ರಬ್ಬರ್ ಅಟ್ಟೆಯ ಚಪ್ಪಲಿ, ಆದ್ದರಿಂದ ನನಗೆ ತಿಳಿದೇ ಇರಲಿಲ್ಲ. ಕೋಣೆಯ ಸಾಕೆಟ್‌ಗಳಲ್ಲಿ ಮೂರನೇ ತೂತು ಇತ್ತು, ಅದರ ಹಿಂದೆ ತಂತಿ ಇರಲಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ತಗಡಿನ ಮೈಗೆ ಹೆಚ್ಚು ಕಡಿಮೆ ಅರ್ಧ ವೋಲ್ಟೇಜ್ ಬಂದು ಕೂರುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದು, ಆದರೆ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಅಂದೇ ಎಲ್ಲವನ್ನೂ ನಿಲ್ಲಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ನೆಲದ ತಂತಿ, ಲೋಡ್ ಹೆಚ್ಚಾದರೆ ಕಡಿಯುವ ಬೇರೆ ಎಂಸಿಬಿ, ಸೋರಿಕೆ ಕಂಡರೆ ಕಡಿದುಹಾಕುವ ಆರ್‌ಸಿಸಿಬಿ, ಮೂರು ಯಂತ್ರಕ್ಕೊಂದು ಸಾಕೆಟ್ ಹಾಕಿಸಿದೆ. ಖರ್ಚಿನ ಕಾಲುಭಾಗ ಇಲ್ಲಿ ಹೋಯಿತು. ನಾನು ಮೊದಲು ಬರೆದ ಬಜೆಟ್‌ನಲ್ಲಿ ಈ ಸಾಲೇ ಇರಲಿಲ್ಲ. ಯಂತ್ರ ದಾನಕ್ಕೆ ಸಿಕ್ಕಿತೆಂದು ಹೊರಡುವವರು ಮೊದಲು ಸಾಕೆಟ್ ಬಿಚ್ಚಿ ನೋಡಿ.

ಮೇಜು: ಯಂತ್ರಕ್ಕೆ 90 ಸೆಂಟಿಮೀಟರ್ ಜಾಗ ಕೊಟ್ಟಿದ್ದೆ. ಒಬ್ಬರಿಗೆ ಸಾಕು, ಇಬ್ಬರಿಗೆ ಮೊಣಕೈ ಜಗಳ. ಆಮೇಲೆ 120ಕ್ಕೆ ಏರಿಸಿದೆ. ಎತ್ತರವೂ ಹೆಚ್ಚಾಗಿತ್ತು. ದೊಡ್ಡವರ 75 ಸೆಂಟಿಮೀಟರ್ ಮೇಜಿನಲ್ಲಿ ಹದಿನಾಲ್ಕರ ಮಕ್ಕಳ ಭುಜ ಕಿವಿಗೆ ತಾಗುತ್ತದೆ. ಮೇಜಿನ ಕಾಲನ್ನು ಆರು ಸೆಂಟಿಮೀಟರ್ ಕತ್ತರಿಸಿದ್ದು ಬಡಗಿಯಲ್ಲ, ಶಾಲೆಯ ದೈಹಿಕ ಶಿಕ್ಷಕರು, ಗರಗಸವೂ ಅವರದೇ.

ನೆಟ್‌ವರ್ಕ್ ತಂತಿ: ನನ್ನ ಅಹಂಕಾರ ಮುರಿದ ಭಾಗ. ಯಂತ್ರಗಳನ್ನು ಒಂದಕ್ಕೊಂದು ಸೇರಿಸುವ ಹದಿನಾರು ಪೋರ್ಟ್‌ನ ನೆಟ್‌ವರ್ಕ್ ಸ್ವಿಚ್ಚಿನಿಂದ ಎರಡು ಮೀಟರ್‌ನಿಂದ ಹದಿನಾಲ್ಕು ಮೀಟರ್‌ವರೆಗೆ ಹತ್ತು ಕೇಬಲ್‌ಗಳು. ಕಟ್ಟುವಾಗ ಪಕ್ಕದಲ್ಲಿ ನಿಂತಿದ್ದ ನಾಲ್ವರು ಮಕ್ಕಳಿಗೆ ನೆನಪಿಡಲು ಸುಲಭವಾಗಲಿ ಎಂದು ಬಣ್ಣದ ಜೋಡಿಗಳನ್ನು ಹಾಗೇ ಸಾಲಾಗಿ ಇಟ್ಟೆವು: ಕಿತ್ತಳೆಯ ಎರಡು, ಹಸಿರಿನ ಎರಡು, ನೀಲಿಯ ಎರಡು, ಕಂದಿನ ಎರಡು. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರಾಯಿತಲ್ಲ? ಟೆಸ್ಟರ್‌ನಲ್ಲಿ ಎಂಟೂ ದೀಪ ಸರದಿಯಲ್ಲಿ ಹೊತ್ತಿದವು. ಹತ್ತಿರದ ಯಂತ್ರಗಳು ಚೆನ್ನಾಗಿ ನಡೆದವು. ದೂರದ ನಾಲ್ಕು ಮಾತ್ರ ಕುಂಟಿದವು, ಕಡತ ಅರ್ಧಕ್ಕೆ ನಿಲ್ಲುತ್ತಿತ್ತು, ಒಮ್ಮೆ ಬರುತ್ತಿತ್ತು ಒಮ್ಮೆ ಇಲ್ಲ. ಸ್ವಿಚ್ ಬದಲಿಸಿದೆ, ಕಾರ್ಡ್ ಬದಲಿಸಿದೆ. ಎರಡು ದಿನ ಕಳೆದ ಮೇಲೆ ತಲೆಗೆ ಹೊಳೆಯಿತು. ಸಂಕೇತ ಹೋಗುವ ಒಂದು ಜೋಡಿ 3 ಮತ್ತು 6ನೇ ಪಿನ್‌ನಲ್ಲಿರುತ್ತದೆ. ಅವೆರಡೂ ಒಂದಕ್ಕೊಂದು ಹೆಣೆದುಕೊಂಡ ತಂತಿಗಳಾಗಿರಬೇಕು. ನನ್ನ ಕ್ರಮದಲ್ಲಿ 3ರಲ್ಲಿ ಹಸಿರಿನದು, 6ರಲ್ಲಿ ನೀಲಿಯದು. ದೀಪದ ಟೆಸ್ಟರ್‌ಗೆ ತಂತಿ ತುಂಡಾಗಿಲ್ಲ ಎನ್ನುವುದಷ್ಟೇ ಕಾಣುತ್ತದೆ, ಹೆಣಿಗೆ ಕಾಣುವುದಿಲ್ಲ. ಇಪ್ಪತ್ತು ತುದಿಗಳನ್ನೂ ಕತ್ತರಿಸಿ ಮತ್ತೆ ಕಟ್ಟಿದೆವು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹತ್ತನೆಯ ತುದಿಯ ನಂತರ ಆ ನಾಲ್ವರು ನನಗಿಂತ ವೇಗವಾಗಿದ್ದರು. ಕಲಿಸಬೇಕೆಂದು ಕಲಿಸದೆ ಕಲಿಸಿದ ಮೊದಲ ಪಾಠ ಅದು ಎಂದು ಆಗ ನನಗೆ ಗೊತ್ತಾಗಲಿಲ್ಲ.

ವಾರ 3: ತಂತ್ರಾಂಶ

ಲಿನಕ್ಸ್ ಮಿಂಟ್: ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ. 2 ಜಿಬಿ ರ‍್ಯಾಮ್ ಇರುವವುಗಳಲ್ಲಿ ಸಿನಮನ್ ಆವೃತ್ತಿ ಹಾಕಿ ನೋಡಿದೆ, ಬ್ರೌಸರ್ ತೆರೆದ ಕೂಡಲೇ ಕಲ್ಲಾಯಿತು. ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಸತ್ತ ಯಂತ್ರಗಳ ರ‍್ಯಾಮ್ ಸೇರಿಸಿ ಎಲ್ಲವನ್ನೂ 4 ಜಿಬಿಗೆ ತಂದೆ. ಒಂದನ್ನು ಪೂರ್ತಿ ಸಿದ್ಧಮಾಡಿ, ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಿಂದ ಉಳಿದವುಗಳಿಗೆ ನಕಲು ತೆಗೆದೆ, ತಲಾ ಹತ್ತು ಹನ್ನೆರಡು ನಿಮಿಷ. ನಕಲಿನ ಜೊತೆ ಐಪಿ ವಿಳಾಸವೂ ನಕಲಾಗಿ ಎಲ್ಲವೂ ಒಂದೇ ಮನೆ ನಂಬರಿಗೆ ಹೊಡೆದಾಡಿದವು. ಅರ್ಧ ಗಂಟೆಯ ನಗೆಪಾಟಲು, ಅಷ್ಟೇ.

ಹತ್ತನೆಯ ಯಂತ್ರವನ್ನು ಉಳಿದವಕ್ಕೆ ಕಡತ ಒದಗಿಸುವ ಸರ್ವರ್ ಮಾಡಿದೆ. ಕೋಣೆಗೆ ಇಂಟರ್ನೆಟ್ ಇಲ್ಲ. ಬೇಕಾದಾಗ ನನ್ನ ಮೊಬೈಲ್‌ನ ಹಾಟ್‌ಸ್ಪಾಟ್ ಮಾತ್ರ. ಆದ್ದರಿಂದ ಸರ್ವರ್‌ನಲ್ಲಿ ಕಿವಿಕ್ಸ್ ಹಾಕಿ ವಿಕಿಪೀಡಿಯವನ್ನು ಇಟ್ಟೆ, ಕೊಲಿಬ್ರಿ ಹಾಕಿ ಪಾಠದ ವಿಡಿಯೊಗಳನ್ನು ಇಟ್ಟೆ. ಎರಡೂ ಇಂಟರ್ನೆಟ್ ಇಲ್ಲದೆ ಕೋಣೆಯೊಳಗಿನ ತಂತಿಯಲ್ಲೇ ನಡೆಯುತ್ತವೆ.

ಮಕ್ಕಳು ಏನಾದರೂ ಕೆಡಿಸಿಯಾರೆಂಬ ಭಯ ನನಗೆ. ಹಾಗಾಗಿ ಯಂತ್ರ ಶುರುವಾದಾಗಲೆಲ್ಲ ವಿದ್ಯಾರ್ಥಿ ಖಾತೆಯ ಫೋಲ್ಡರ್‌ಗಳನ್ನು ಅಳಿಸಿ ಮೊದಲಿನ ಪ್ರತಿಯನ್ನು ಕೂರಿಸುವ ಹತ್ತು ಸಾಲಿನ ಸ್ಕ್ರಿಪ್ಟ್ (ತಾನಾಗಿ ನಡೆಯುವ ಆಜ್ಞೆಗಳ ಪಟ್ಟಿ) ಬರೆದೆ. ಬಹಳ ಜಾಣತನ ಎನಿಸಿತ್ತು.

ವಾರ 4: ಮೊದಲ ತರಗತಿ, ಪೂರ್ತಿ ಸೋಲು

ಹದಿನೆಂಟು ಮಕ್ಕಳ ಎರಡು ತಂಡ, ಯಂತ್ರಕ್ಕೆ ಇಬ್ಬರು, ವಾರಕ್ಕೆ ಮೂರು ಪೀರಿಯಡ್. ಮೊದಲ ಪೀರಿಯಡ್‌ನಲ್ಲಿ ಕಂಪ್ಯೂಟರ್‌ನ ಭಾಗಗಳು, ಇನ್‌ಪುಟ್, ಔಟ್‌ಪುಟ್, ಪೀಳಿಗೆಗಳು ಎಂದು ಬೋರ್ಡ್ ತುಂಬ ಬರೆದೆ. ಅವರು ಬರೆದುಕೊಂಡರು. ಪರದೆಗಳು ಮೂವತ್ತೈದು ನಿಮಿಷ ಸುಮ್ಮನೆ ಉರಿದವು. ಗಂಟೆ ಹೊಡೆದಾಗ ಹಿಂದಿನ ಸಾಲಿನ ಹುಡುಗ ಕೇಳಿದ: “ಮೇಡಂ, ನಾಳೆ ಮುಟ್ಟಬಹುದೇ?”

ಮರುದಿನ ಮುಟ್ಟಿಸಿದೆ. ಆಗ ಕಂಡದ್ದನ್ನು ಇಳಿಸಿಡುತ್ತೇನೆ. ಒಂಬತ್ತರಲ್ಲಿ ಆರು ಜೋಡಿಗಳು ಮೊದಲು ಪರದೆಯನ್ನೇ ಬೆರಳಿನಿಂದ ಒತ್ತಿದವು. ಮೌಸ್ ಮೇಜಿನ ಅಂಚಿಗೆ ಬಂದಾಗ ಅದನ್ನು ಎತ್ತಿ ನಡುವೆ ಇಡಬಹುದೆಂದು ಯಾರಿಗೂ ಹೊಳೆಯಲಿಲ್ಲ, ಒಬ್ಬ ಹುಡುಗ ಮೌಸ್ ಜೊತೆ ತಾನೂ ಬೆಂಚಿನಿಂದ ಸರಿಯುತ್ತ ಹೋದ. ಎರಡು ಸಲ ಕ್ಲಿಕ್ ಮಾಡುವಾಗ ಕೈ ಅಲುಗಿ ಐಕಾನ್ ಜಾಗ ಬದಲಿಸುತ್ತಿತ್ತು. ಮೌಸ್ ಸೆಟ್ಟಿಂಗ್‌ನಲ್ಲಿ ಎರಡು ಕ್ಲಿಕ್‌ಗಳ ನಡುವಿನ ಸಮಯವನ್ನು ಹೆಚ್ಚಿಸಿದೆ, ಅರ್ಧ ತೊಂದರೆ ಅಲ್ಲೇ ಹೋಯಿತು. ಭಾಗಗಳ ಪಾಠವನ್ನು ಎಸೆದು ಇಸ್ಪೀಟಿನ ಸಾಲಿಟೇರ್ ಆಡಿಸಿದೆ. ಒತ್ತಿ ಹಿಡಿದು ಎಳೆದು ಬಿಡುವುದನ್ನು ಅದಕ್ಕಿಂತ ಬೇಗ ಕಲಿಸುವ ಪಾಠ ನನಗೆ ಸಿಕ್ಕಿಲ್ಲ. ಲ್ಯಾಬಿನಲ್ಲಿ ಇಸ್ಪೀಟು ಎಂದು ಹುಬ್ಬೇರಿಸಿದವರೂ ಇದ್ದರು. ಮೂರು ದಿನದ ನಂತರ ತೆಗೆದೆ.

ಟೈಪಿಂಗ್‌ಗೆ ಪ್ರತಿ ಪೀರಿಯಡ್‌ನ ಮೊದಲ ಹತ್ತು ನಿಮಿಷ. ಎಫ್ ಮತ್ತು ಜೆ ಕೀಗಳ ಮೇಲಿನ ಗೆರೆಯನ್ನು ಕಣ್ಣು ಮುಚ್ಚಿ ಹುಡುಕುವುದರಿಂದ ಶುರು. ಕನ್ನಡ ಟೈಪಿಂಗ್‌ಗೆ ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸ. ಒಬ್ಬ ಹುಡುಗಿ ‘ಸೂರ್ಯ’ ಎಂದು ಬರೆಯಲು ಹೋಗಿ ‘ಸೂಯ’ದಲ್ಲಿ ನಿಂತಳು. ಅರ್ಕಾವೊತ್ತು ಯಾವ ಕೀಯಲ್ಲಿದೆ ಎಂದು ಇಡೀ ಕೀಬೋರ್ಡ್ ಹುಡುಕುತ್ತಿದ್ದಳು. ಕೈಬರಹದಲ್ಲಿ ಯ ಬರೆದ ಮೇಲೆ ಅದರ ಬಲಕ್ಕೆ ಅರ್ಕಾವೊತ್ತು ಹಾಕುತ್ತೇವೆ. ಟೈಪ್ ಮಾಡುವಾಗ ಬಾಯಿ ಉಚ್ಚರಿಸುವ ಕ್ರಮ: ಮೊದಲು ರ, ಆಮೇಲೆ ಡಿ ಕೀಯಲ್ಲಿರುವ ಹಲಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಆಮೇಲೆ ಯ. “ಕಣ್ಣಿಗೆ ಕಂಡಂತೆ ಅಲ್ಲ, ಕಿವಿಗೆ ಕೇಳಿದಂತೆ” ಎಂದೆ. ಅವಳು ಮೆಲ್ಲಗೆ ‘ಸೂ... ರ್... ಯ’ ಎಂದುಕೊಂಡು ಒತ್ತಿದಳು, ಅರ್ಕಾವೊತ್ತು ತಾನಾಗಿ ಬಲಕ್ಕೆ ಹೋಗಿ ಕೂತಿತು. ಆ ಹತ್ತು ನಿಮಿಷದಲ್ಲಿ ತರಗತಿಯಿಡೀ ಕರ್ಣ, ವರ್ಷ, ಸರ್ಪ, ಧೈರ್ಯ ಎಂದು ಟೈಪ್ ಮಾಡಿತು. ಪುಸ್ತಕದ ಪಾಠಕ್ರಮದಲ್ಲಿ ಇದು ಇಪ್ಪತ್ತನೆಯ ಪಾಠವಂತೆ. ಇರಲಿ.

ವಾರ 5: ಗಡಿಯಾರ ತೀರಿಸಿಕೊಂಡ ಸೇಡು

ಹಾಟ್‌ಸ್ಪಾಟ್ ಹಾಕಿ ಮೊದಲ ಸಲ ಇಂಟರ್ನೆಟ್ ತೋರಿಸುವ ದಿನ. ಎರಡು ಯಂತ್ರಗಳಲ್ಲಿ ಪುಟ ತೆರೆಯಿತು, ಏಳರಲ್ಲಿ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಬ್ಯಾಟರಿ ಸತ್ತ ಯಂತ್ರಗಳು ತಮ್ಮ ಪಾಲಿಗೆ 2009ರ ಜನವರಿಯಲ್ಲೋ 2011ರಲ್ಲೋ ಇದ್ದವು. ಆ ದಿನಾಂಕದ ಲೆಕ್ಕದಲ್ಲಿ ತಾಣಗಳ ಗುರುತನ್ನು ಖಚಿತಪಡಿಸುವ ಸರ್ಟಿಫಿಕೇಟ್‌ಗಳು ಇನ್ನೂ ಹುಟ್ಟೇ ಇರಲಿಲ್ಲ. ಇಪ್ಪತ್ತೈದು ನಿಮಿಷ ಓಡಾಡಿ ಒಂದೊಂದಕ್ಕೂ ದಿನಾಂಕ ತಿದ್ದುವಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳಿಗೆ ಸಿಕ್ಕಿದ್ದು ಆರು ನಿಮಿಷದ ಇಂಟರ್ನೆಟ್.

ಕಡತಗಳಿಗೂ ಇದೇ ಗತಿ ಆಗಿತ್ತು. ಹೊಸದು ಮೇಲೆ ಬರುವಂತೆ ಜೋಡಿಸಿದರೆ ಆಗಷ್ಟೇ ಉಳಿಸಿದ್ದು ಪಟ್ಟಿಯ ತಳದಲ್ಲಿ ಕೂರುತ್ತಿತ್ತು, “ಕಳೆದುಹೋಯಿತು ಮೇಡಂ” ಎಂಬ ದೂರುಗಳಲ್ಲಿ ಅರ್ಧದಷ್ಟು ಅದೇ. ಹತ್ತೂ ಬ್ಯಾಟರಿ ತಂದು, ಬದಲಿಸುವ ಕೆಲಸವನ್ನು ತಂತಿ ಕಟ್ಟಿದ ನಾಲ್ವರಿಗೆ ಕೊಟ್ಟೆ. ಒಂದನ್ನು ತಿರುಗಾಮುರುಗಾ ಹಾಕಿದರು, ತಾವೇ ಕಂಡುಹಿಡಿದು ಸರಿಮಾಡಿದರು.

ವಾರ 6: ಮೌಸ್ ಯಾರ ಕೈಯಲ್ಲಿ

ಯಂತ್ರಕ್ಕೆ ಇಬ್ಬರು ಎಂದರೆ ಇಬ್ಬರೂ ಕಲಿಯುತ್ತಿದ್ದಾರೆ ಎಂದು ಭಾವಿಸಿದ್ದೆ. ಅನುಮಾನ ಬಂದು ಒಂದು ಪೀರಿಯಡ್‌ನಲ್ಲಿ ಐದೈದು ನಿಮಿಷಕ್ಕೊಮ್ಮೆ ಸುತ್ತು ಹಾಕಿ, ಮೌಸ್ ಯಾರ ಕೈಯಲ್ಲಿದೆ ಎಂದು ಕಾಗದದ ಮೇಲೆ ಗೆರೆ ಎಳೆದೆ. ಹುಡುಗ ಹುಡುಗಿ ಜೊತೆಗಿದ್ದ ಐದು ಯಂತ್ರಗಳಲ್ಲಿ ಎಂಟು ಸುತ್ತಿನ ನಲವತ್ತು ಗೆರೆಗಳಲ್ಲಿ ಮೂವತ್ತನಾಲ್ಕು ಹುಡುಗರವು. ಹುಡುಗಿಯರು ನೋಟ್‌ಬುಕ್‌ನಲ್ಲಿ ಹಂತಗಳನ್ನು ಅಂದವಾಗಿ ಬರೆದುಕೊಳ್ಳುತ್ತಿದ್ದರು. ಇಬ್ಬರು ಹುಡುಗರ ಯಂತ್ರದಲ್ಲೂ ಮನೆಯಲ್ಲಿ ಕಂಪ್ಯೂಟರ್ ನೋಡಿದ್ದವನದೇ ರಾಜ್ಯ.

ಮೊದಲ ಉಪಾಯ: ಯಂತ್ರಕ್ಕೆ ಎರಡು ಮೌಸ್. ಎರಡೂ ಕೆಲಸ ಮಾಡುತ್ತವೆ, ಆದರೆ ಬಾಣ ಒಂದೇ. ಹಗ್ಗಜಗ್ಗಾಟ. ಹದಿನೈದು ನಿಮಿಷಕ್ಕೆ ಕಿತ್ತೆ. ಎರಡನೆಯದು: ಹುಡುಗರು, ಹುಡುಗಿಯರು ಬೇರೆ ಬೇರೆ. ಜಗಳ ಇಳಿಯಿತು, ಬಲ್ಲವರು, ಅರಿಯದವರು ಎಂಬ ಭೇದ ಉಳಿಯಿತು. ಮೂರನೆಯದೇ ನಿಂತದ್ದು. ಏಳು ನಿಮಿಷಕ್ಕೊಮ್ಮೆ ಅಲಾರಂ, ಹೊಡೆದ ಕೂಡಲೇ ಮೌಸ್ ಕೈ ಬದಲಾಗಬೇಕು. ಮೌಸ್ ಇಲ್ಲದವರೇ ಹೇಳಬೇಕು, ಮೌಸ್ ಹಿಡಿದವರು ಹೇಳಿದ್ದನ್ನಷ್ಟೇ ಮಾಡಬೇಕು. ಜಾಣರಿಗೆ ಇದು ಉಸಿರುಗಟ್ಟಿಸುವ ಶಿಕ್ಷೆ, ಬಾಯಲ್ಲಿ ವಿವರಿಸುವುದು ಅವರಿಗೆ ಬರುತ್ತಿರಲಿಲ್ಲ. ನನಗೂ ಒಂದು ನಿಯಮ ಹಾಕಿಕೊಂಡೆ: ಮಗುವಿನ ಮೌಸನ್ನು ನಾನು ಮುಟ್ಟುವುದಿಲ್ಲ, ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಮೊದಲ ವಾರ ಹನ್ನೊಂದು ಸಲ ಮುರಿದೆ. ಲೆಕ್ಕ ಇಟ್ಟವರು ಮಕ್ಕಳು.

ಪೆರುವಿನ ಹಳ್ಳಿಗಳಲ್ಲಿ ಮಗುವಿಗೊಂದರಂತೆ ಲ್ಯಾಪ್‌ಟಾಪ್ ಕೊಟ್ಟ ದೊಡ್ಡ ಯೋಜನೆಯನ್ನು 319 ಶಾಲೆಗಳಲ್ಲಿ ಪರೀಕ್ಷಿಸಿದ ವರದಿ 2012ರಲ್ಲಿ ಬಂದಿತ್ತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕ ಏರಿದ್ದಕ್ಕೆ ಪುರಾವೆ ಸಿಗಲಿಲ್ಲ. ಅದನ್ನು ಓದಿದ್ದಾಗ ಯಂತ್ರ ಕೊಟ್ಟವರ ಮೇಲೆ ನಗು ಬಂದಿತ್ತು. ಆ ಗೆರೆಗಳ ಕಾಗದ ಕೈಯಲ್ಲಿ ಹಿಡಿದು ನಿಂತಾಗ ಬರಲಿಲ್ಲ.

ವಾರ 7: ಎಲ್ಲವೂ ಅಳಿಸಿಹೋದ ದಿನ

ಸೋಮವಾರ ಪ್ರತಿ ಜೋಡಿಯೂ ತಮ್ಮ ಬೀದಿಯ ಬಗ್ಗೆ ಒಂದು ಪುಟ ಬರೆಯಿತು, ಚಿತ್ರ ಹಾಕಿತು, ಉಳಿಸಿತು. ಬುಧವಾರ ತೆರೆದರೆ ಒಂಬತ್ತು ಯಂತ್ರದಲ್ಲೂ ಏನೂ ಇಲ್ಲ. ನನ್ನ ಹತ್ತು ಸಾಲಿನ ಸ್ಕ್ರಿಪ್ಟ್ ತನ್ನ ಕೆಲಸ ಮಾಡಿತ್ತು. ಅದುವರೆಗೆ ಮಕ್ಕಳು ಉಳಿಸಿಡುವಂಥದ್ದೇನನ್ನೂ ಮಾಡಿರಲಿಲ್ಲ, ಐದನೇ ವಾರದ ಸಣ್ಣಪುಟ್ಟ ಕಡತಗಳು ಹೋದಾಗ ಗಡಿಯಾರದ ಮೇಲೆ ಗೂಬೆ ಕೂರಿಸಿದ್ದೆ. “ಕಳೆದುಹೋಯಿತು” ಎಂದವರಲ್ಲಿ ಉಳಿದರ್ಧ ನಿಜವನ್ನೇ ಹೇಳುತ್ತಿದ್ದರು, ನಾನು ಅವರಿಗೆ “ಸರಿಯಾಗಿ ಹುಡುಕು” ಎಂದಿದ್ದೆ.

ತಪ್ಪು ನನ್ನದು ಎಂದು ತರಗತಿಯೆದುರು ಹೇಳಿದೆ. ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಕೊಟ್ಟಿದ್ದೇನೆಂದು ಅನಿಸುವುದಿಲ್ಲ: “ಹಾಗಾದರೆ ಸೇವ್ ಒತ್ತಿದಾಗ ಅದು ಎಲ್ಲಿಗೆ ಹೋಗಿತ್ತು?” ಆಗ ಹೊಳೆಯಿತು, ಫೈಲ್ ಒಂದು ಜಾಗದಲ್ಲಿರುತ್ತದೆ ಎನ್ನುವುದನ್ನೇ ನಾನು ಕಲಿಸಿಲ್ಲ. ಮೊಬೈಲ್‌ನಲ್ಲಿ ಫೋಟೊ ಗ್ಯಾಲರಿಯಲ್ಲಿರುತ್ತದೆ, ಅದಕ್ಕೆ ವಿಳಾಸ ಬೇಕಿಲ್ಲ. ನಾನೋ ಬಾಲ್ಯದಿಂದ ಫೋಲ್ಡರ್‌ಗಳ ನಡುವೆ ಬೆಳೆದವಳು, ಅದು ಕಲಿಸಬೇಕಾದ ಸಂಗತಿ ಎಂದೇ ತಿಳಿದಿರಲಿಲ್ಲ.

ಎರಡು ಪೀರಿಯಡ್ ಯಂತ್ರ ಮುಟ್ಟದೆ ಕಳೆದೆವು. ಒಂಬತ್ತು ರಟ್ಟಿನ ಪೆಟ್ಟಿಗೆ, ಅದರೊಳಗೆ ಲಕೋಟೆಗಳು, ಲಕೋಟೆಯೊಳಗೆ ಚೀಟಿಗಳು. ಒಬ್ಬರು ಚೀಟಿ ಬಚ್ಚಿಟ್ಟು ವಿಳಾಸ ಬರೆದು ಕೊಡಬೇಕು: ಪೆಟ್ಟಿಗೆ 4, ಲಕೋಟೆ ‘ಚಿತ್ರ’, ಚೀಟಿ ‘ಬೀದಿ’. ಇನ್ನೊಬ್ಬರು ಹುಡುಕಬೇಕು. ಹೆಸರಿಲ್ಲದ ಚೀಟಿ ಇಟ್ಟವರಿಗೆ ಬೈಗುಳ ತರಗತಿಯಿಂದಲೇ ಸಿಗುತ್ತಿತ್ತು. ಆಮೇಲೆ ಯಂತ್ರಕ್ಕೆ ಮರಳಿ ಅದೇ ಆಟ.

ಸ್ಕ್ರಿಪ್ಟ್ ತೆಗೆದುಹಾಕಿದೆ. ಸರ್ವರ್‌ನಲ್ಲಿ ಪ್ರತಿ ಮಗುವಿನ ಹೆಸರಲ್ಲೊಂದು ಫೋಲ್ಡರ್, ಯಾವ ಯಂತ್ರದಿಂದಲೂ ಕಾಣುವಂತೆ ಡೆಸ್ಕ್‌ಟಾಪ್‌ನಲ್ಲಿ ‘ಕಪಾಟು’ ಎಂಬ ಐಕಾನ್. ಶನಿವಾರ ಅದರ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆಯುವುದು ಸರದಿಯ ಇಬ್ಬರ ಕೆಲಸ. ಯಂತ್ರ ಕೆಡಿಸಿಯಾರೆಂಬ ನನ್ನ ಭಯದ ಮಟ್ಟಿಗೆ ಹೇಳುವುದಾದರೆ, ಹನ್ನೆರಡು ವಾರದಲ್ಲಿ ಎರಡು ಯಂತ್ರಗಳಿಗೆ ಮತ್ತೆ ನಕಲು ಕೂರಿಸಬೇಕಾಯಿತು. ಇಪ್ಪತ್ತೈದು ನಿಮಿಷದ ಕೆಲಸ.

ವಾರ 8: ಆಮೆ

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ 3 ನಮ್ಮ ಹಳೆಯ ಗ್ರಾಫಿಕ್ಸ್‌ನಲ್ಲಿ ತಡವರಿಸಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಆಜ್ಞೆಯಂತೆ ನಡೆದು ಗೆರೆ ಎಳೆಯುವ ಆಮೆ ‘ಟರ್ಟಲ್’ ಹಗುರ: ಫಾರ್ವರ್ಡ್ 100, ರೈಟ್ 90, ನಾಲ್ಕು ಸಲ, ಚೌಕ. ತ್ರಿಕೋನಕ್ಕೆ ಬಂದಾಗ ಎಲ್ಲರೂ 60 ಎಂದು ಕೊಟ್ಟರು, ಗಣಿತದಲ್ಲಿ ಕೋನ 60 ತಾನೇ. ಪರದೆಯ ಮೇಲೆ ಬಂದದ್ದು ಮುಚ್ಚದ ಆಕಾರ, ಅರ್ಧ ಷಟ್ಕೋನ. ಯಾರೂ ನನ್ನನ್ನು ನಂಬಲಿಲ್ಲ, ಯಂತ್ರ ಕೆಟ್ಟಿದೆ ಎಂದರು. ನೆಲದ ಮೇಲೆ ಸೀಮೆಸುಣ್ಣದಿಂದ ತ್ರಿಕೋನ ಬರೆದು ಒಬ್ಬ ಹುಡುಗಿಯನ್ನು ಗೆರೆಯ ಮೇಲೆ ನಡೆಸಿದೆ. ಮೂಲೆಗೆ ಬಂದಾಗ ನಿಂತು, ಮೂಗು ನೇರ ಮುಂದಿದ್ದಲ್ಲಿಂದ ಹೊಸ ಗೆರೆಯವರೆಗೆ ಎಷ್ಟು ತಿರುಗಿದೆ ಎಂದು ಕೇಳಿದೆ. ಕಾಲು ಸುತ್ತಿಗಿಂತ ಹೆಚ್ಚೇ ತಿರುಗಿದ್ದಳು. “ನೂರಾ ಇಪ್ಪತ್ತು” ಎಂದು ಹೇಳಿದವನು ಗಣಿತದಲ್ಲಿ ಸದಾ ಹಿಂದುಳಿಯುವವನು ಎಂದು ಆಮೇಲೆ ಶಿಕ್ಷಕರು ಹೇಳಿದರು. ಅವನೇ ಮರುದಿನ 144 ಕೊಟ್ಟು ಐದು ಮೂಲೆಯ ನಕ್ಷತ್ರ ಬಿಡಿಸಿದ. ಎಲ್ಲಿಂದ ಬಂತು ಎಂದು ಕೇಳಿದರೆ, 72 ಕೊಟ್ಟರೆ ಪಂಚಕೋನ ಬಂತು, ಎರಡರಷ್ಟು ಕೊಟ್ಟು ನೋಡಿದೆ ಎಂದ.

ವಾರ 9: ಲೆಕ್ಕದ ಹಾಳೆ

ಬೇಗ ಮುಗಿಯಿತು. ಮನೆಗೆ ಬರುವ ನೀರನ್ನು ಒಂದು ವಾರ ಕೊಡದ ಲೆಕ್ಕದಲ್ಲಿ ಬರೆದು ತರಲು ಹೇಳಿದ್ದೆ. ಬಿ2ರಿಂದ ಬಿ8ರವರೆಗಿನ ಚೌಕಗಳನ್ನು ಕೂಡಿಸಲು ಸಮ್ ಹಾಕಿದರೆ ಮೂರು ಯಂತ್ರಗಳಲ್ಲಿ ಮೊತ್ತ ಸೊನ್ನೆ. ಅವರು ‘4 ಕೊಡ’ ಎಂದು ಬರೆದಿದ್ದರು. ಅಕ್ಷರ ಸೇರಿದರೆ ಅದು ಪಠ್ಯ, ಸಮ್ ಅದನ್ನು ಎಣಿಸದೆ ದಾಟಿಹೋಗುತ್ತದೆ. ಸಂಖ್ಯೆ ಒಂದು ಕಾಲಮ್‌ನಲ್ಲಿ, ‘ಕೊಡ’ ಮೇಲಿನ ತಲೆಬರಹದಲ್ಲಿ. ಅಷ್ಟೇ.

ವಾರ 10 ಮತ್ತು 11: ಅರ್ಜಿ

ಈ ಕೆಲಸ ಶುರುಮಾಡುವಾಗ ನನ್ನ ಯೋಜನೆಯಲ್ಲಿ ಇಲ್ಲದ್ದು, ಮತ್ತೆ ಶುರುಮಾಡಿದರೆ ನಾಲ್ಕನೇ ವಾರಕ್ಕೇ ತರುವಂಥದ್ದು. ವಿದ್ಯಾರ್ಥಿವೇತನದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇವರ ಮನೆಯವರು ಅದಕ್ಕಾಗಿ ಒಂದು ದಿನದ ಕೆಲಸ ಬಿಟ್ಟು, ಬೇರೆಯವರಿಗೆ ದುಡ್ಡು ಕೊಟ್ಟು ತುಂಬಿಸುತ್ತಾರೆ.

ಮೊದಲು ನಿಜವಾದ ಅರ್ಜಿಯನ್ನೇ ತೆರೆಸಿದೆ. ತಪ್ಪು. ಒಟಿಪಿ ಹೋದದ್ದು ಕೆಲಸದಲ್ಲಿದ್ದ ತಂದೆಯ ಮೊಬೈಲ್‌ಗೆ. ಮಕ್ಕಳು ಎರಡು ಬೆರಳಲ್ಲಿ ವಿಳಾಸ ಟೈಪ್ ಮಾಡುವಷ್ಟರಲ್ಲಿ ಪುಟದ ಸಮಯ ಮುಗಿದು ಎಲ್ಲವೂ ಖಾಲಿಯಾಯಿತು. ಅದೇ ರಾತ್ರಿ ಅದರಂತೆಯೇ ಕಾಣುವ ಸುಳ್ಳು ಅರ್ಜಿಯೊಂದನ್ನು ಸರ್ವರ್‌ನಲ್ಲಿ ಮಾಡಿಟ್ಟೆ. ಹೆಸರು, ಹುಟ್ಟಿದ ದಿನ, ಫೋಟೊ 50 ಕೆಬಿ ಒಳಗೆ, ಪ್ರಮಾಣಪತ್ರ ಪಿಡಿಎಫ್‌ನಲ್ಲಿ. ತಪ್ಪಿದರೆ ನಿಜವಾದದ್ದರಂತೆಯೇ ಕಾರಣ ಹೇಳದೆ ತಿರಸ್ಕರಿಸುತ್ತದೆ.

ಮೊಬೈಲ್‌ನ ಫೋಟೊ 3 ಎಂಬಿ. ಒಂದು ಜೋಡಿ ಕಡತಕ್ಕೆ ‘ಫೋಟೊ 50 ಕೆಬಿ’ ಎಂದು ಹೆಸರಿಟ್ಟು ಕಳಿಸಿತು. ತಿರಸ್ಕಾರ. ನಗಬೇಡಿ, ಹೆಸರನ್ನು ಬದಲಿಸಿದರೆ ವಸ್ತು ಬದಲಾಗುವುದಿಲ್ಲ ಎನ್ನುವುದು ಅಲ್ಲಿಯೇ ಅವರಿಗೆ ತಿಳಿದದ್ದು. ಇನ್ನೊಂದು ಜೋಡಿ ಅಂಚು ಕತ್ತರಿಸುತ್ತ ಹೋಗಿ ಮುಖದ ಮೂಗಷ್ಟೇ ಉಳಿಯಿತು, ಆದರೂ 90 ಕೆಬಿ. ಕೊನೆಗೆ ಅಗಲ 300 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 80ಕ್ಕೆ ಇಟ್ಟಾಗ 28 ಕೆಬಿ ಬಂತು. ಆ ಹಂತಗಳನ್ನು ಮಕ್ಕಳೇ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಅದರ ಪಕ್ಕದಲ್ಲೇ ಯಾರೋ ತಮ್ಮ ಪಾಸ್‌ವರ್ಡ್ ಬರೆದ ಚೀಟಿಯನ್ನೂ ಅಂಟಿಸಿದ್ದರು. ಪಾಸ್‌ವರ್ಡ್ ಪಾಠ ಆ ಚೀಟಿಯಿಂದಲೇ ಶುರುವಾಯಿತು. ಒಟಿಪಿಯನ್ನು ಯಾರು ಕೇಳಿದರೂ, ಮೇಡಂ ಕೇಳಿದರೂ ಹೇಳಬಾರದು ಎಂದೆ. ಪೀರಿಯಡ್ ಮುಗಿಯುವ ಮುನ್ನ ನಾನೇ ಒಬ್ಬೊಬ್ಬರ ಬಳಿ ಹೋಗಿ ಸುಳ್ಳು ಅರ್ಜಿಯ ಒಟಿಪಿ ಕೇಳಿದೆ. ಹದಿನೆಂಟರಲ್ಲಿ ಹನ್ನೊಂದು ಜನ ಪಟ್ಟನೆ ಹೇಳಿಬಿಟ್ಟರು. ಎರಡನೇ ತಂಡಕ್ಕೆ ಮೊದಲ ತಂಡ ಮೊದಲೇ ಸುಳಿವು ಕೊಟ್ಟಿತ್ತು, ಅಲ್ಲಿ ಒಬ್ಬನೇ ಸಿಕ್ಕಿಬಿದ್ದ.

ವಾರ 12: ಪರೀಕ್ಷೆ

ಒಬ್ಬೊಬ್ಬರೇ, ಇಪ್ಪತ್ತು ನಿಮಿಷ. ಕಪಾಟಿನಲ್ಲಿರುವ ಒಂದು ಚಿತ್ರ ಹುಡುಕಿ, ಕಿರಿದು ಮಾಡಿ, ಕನ್ನಡದಲ್ಲಿ ಐದು ಸಾಲಿನ ಪತ್ರ ಬರೆದು ಅದರಲ್ಲಿ ಚಿತ್ರ ಇಟ್ಟು, ಪಿಡಿಎಫ್ ಮಾಡಿ, ತಮ್ಮ ಫೋಲ್ಡರ್‌ನಲ್ಲಿ ಉಳಿಸಬೇಕು. ಮೂವತ್ತಾರರಲ್ಲಿ ಬಂದವರು ಮೂವತ್ತೊಂದು. ಇಪ್ಪತ್ತೆರಡು ಜನ ಯಾರ ನೆರವೂ ಇಲ್ಲದೆ ಮುಗಿಸಿದರು. ಆರು ಜನರಿಗೆ ಒಂದು ಮಾತಿನ ಸುಳಿವು ಬೇಕಾಯಿತು. ಮೂವರಿಗೆ ಆಗಲಿಲ್ಲ, ಆ ಮೂವರೂ ವಾರಕ್ಕೆರಡು ದಿನ ಶಾಲೆ ತಪ್ಪಿಸಿ ಕೆಲಸಕ್ಕೆ ಹೋಗುವವರು. ಬಾರದ ಐವರಲ್ಲಿ ಇಬ್ಬರದೂ ಅದೇ ಕಥೆ. ಅವರಿಗಾಗಿ ಶನಿವಾರ ಮಧ್ಯಾಹ್ನ ಕೋಣೆ ತೆರೆದಿಡಬೇಕು, ಬೀಗದ ಕೈ ಮಕ್ಕಳಲ್ಲಿ ಯಾರಿಗಾದರೂ ಕೊಡಬೇಕು ಎಂದು ಕೇಳಿದ್ದೇನೆ. ಕಳುವಾದರೆ ಯಾರು ಹೊಣೆ ಎಂಬ ಪ್ರಶ್ನೆಯಲ್ಲಿ ಮಾತು ನಿಂತಿದೆ. ಸದ್ಯ ನನಗೆ ಬಿಡುವಿದ್ದ ಶನಿವಾರ ಮಾತ್ರ ತೆರೆಯುತ್ತಿದೆ.

ಬಾಕಿ ಉಳಿದದ್ದು: ಎರಡು ಕೀಬೋರ್ಡ್‌ಗಳಲ್ಲಿ ಡಿ ಕೀ ಸವೆದಿದೆ, ಹಲಂತದ ದೆಸೆಯಿಂದ. ಸರ್ವರ್‌ಗೆ ಯುಪಿಎಸ್ ಇಲ್ಲ, ಕರೆಂಟು ಹೋದಾಗ ಎರಡು ಸಲ ಕಪಾಟಿನ ಕಡತಗಳು ಅರ್ಧಕ್ಕೆ ನಿಂತಿವೆ. ಏಳನೇ ಯಂತ್ರದ ಫ್ಯಾನ್ ಸದಾ ಜೋರಾಗಿ ತಿರುಗುತ್ತಿದೆ, ಬಹುಶಃ ಪೇಸ್ಟ್ ಮತ್ತೆ ಹಾಕಬೇಕು. ಪ್ರೊಸೆಸರ್ ಹತ್ತಿರ ಕೈ ಹಾಕುವ ಕೆಲಸ. ಬರುವ ಶನಿವಾರ ಅದನ್ನು ಬಿಚ್ಚುವುದು ತಂತಿ ಕಟ್ಟಿದ ನಾಲ್ವರಲ್ಲಿ ಇಬ್ಬರು. ಮೊದಲು ಕೈ ಒರೆಸಿಕೊಳ್ಳಿ ಎಂದಷ್ಟೇ ಹೇಳಲು ನನಗೆ ಅನುಮತಿ ಸಿಕ್ಕಿದೆ.